ಸಣ್ಣ ಟೇಬಲ್‌ಗೆ ಫಿಶರ್ ಟೆಸ್ಟೇ ಬೇಕಾ? ಪರ-ವಿರೋಧ

ಪರ: ಬೇಕೇ ಬೇಕು

ಮಂಗಳೂರು ಹತ್ತಿರದ ದೇರಳಕಟ್ಟೆ ಕಡೆ ಪಿಜಿ ಓದುವ ಮಕ್ಕಳು ಥೀಸಿಸ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಎರಡು ಗುಂಪಿನ ನಡುವಿನ ವ್ಯತ್ಯಾಸ ನಿಜವೋ, ಆಕಸ್ಮಿಕವೋ ಅಂತ ನೋಡಲು ಎಲ್ಲರೂ ಕೈ-ಸ್ಕ್ವೇರ್ ಅನ್ನುವ ಟೆಸ್ಟ್ ಮಾಡಿಯೇ ಬಂದಿರುತ್ತಾರೆ. ಫಿಶರ್ ಟೆಸ್ಟ್ ಇರುವುದೂ ಅದೇ ಕೆಲಸಕ್ಕೆ. ಯಾಕೆ ಅಂತ ಕೇಳಿದರೆ "ಸೀನಿಯರ್ ಅದನ್ನೇ ಮಾಡಿದ್ರು ಮೇಡಂ" ಅನ್ನುತ್ತಾರೆ.

ಒಂದು ಲೆಕ್ಕ ನೋಡಿ. ಹೊಸ ಔಷಧಿ ತಗೊಂಡ 10 ಮಂದಿಯಲ್ಲಿ 8 ಮಂದಿಗೆ ಗುಣವಾಯ್ತು, ಹಳೇ ಔಷಧಿಯಲ್ಲಿ 10ಕ್ಕೆ 3 ಅಂತಿಟ್ಟುಕೊಳ್ಳಿ. ಕೈ-ಸ್ಕ್ವೇರ್ 5.05 ಬರುತ್ತದೆ, ಪಿ ವ್ಯಾಲ್ಯೂ (ಔಷಧಿಗಳಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚು ಅಂತರ ಬರುವ ಸಾಧ್ಯತೆ) 0.025. ಅದು 0.05ಕ್ಕಿಂತ ಕೆಳಗಿದ್ದರೆ ಗೆದ್ದ ಹಾಗೆ ಲೆಕ್ಕ. ಖುಷಿಯೋ ಖುಷಿ. ಅದೇ ಟೇಬಲ್‌ಗೆ ಫಿಶರ್ ಹಾಕಿ, 0.07! ಒಂದರಲ್ಲಿ ಔಷಧಿ ಗೆದ್ದಿತು, ಇನ್ನೊಂದರಲ್ಲಿ ಇಲ್ಲ.

ಸಂಖ್ಯಾಶಾಸ್ತ್ರಜ್ಞ ಪಿಯರ್ಸನ್ 1900ರಲ್ಲಿ ಕೊಟ್ಟ ಕೈ-ಸ್ಕ್ವೇರ್ ಅಂದಾಜಿನ ಲೆಕ್ಕ, ಸಂಖ್ಯೆ ದೊಡ್ಡದಿದ್ದರೆ ಮಾತ್ರ ಆ ಅಂದಾಜು ನಿಲ್ಲುತ್ತದೆ. ಇಲ್ಲಿ ಗುಣವಾಗದವರ ಎರಡೂ ಸೆಲ್‌ಗಳಲ್ಲಿ ನಿರೀಕ್ಷಿತ ಸಂಖ್ಯೆ (ಎರಡೂ ಔಷಧಿ ಒಂದೇ ಆಗಿದ್ದರೆ ಬರಬೇಕಿದ್ದ ಸಂಖ್ಯೆ) 4.5, ಅಂದರೆ ರೂಢಿಯಲ್ಲಿ ಬೇಕಾದ ಐದಕ್ಕಿಂತ ಕಡಿಮೆ. (ನಿರೀಕ್ಷಿತ ಸಂಖ್ಯೆ ಮಾರಾಯ್ರೆ, ಟೇಬಲ್‌ನಲ್ಲಿ ಕಾಣುವ ಸಂಖ್ಯೆ ಅಲ್ಲ!) ಫಿಶರ್‌ಗೆ ಅಂದಾಜೇ ಬೇಡ. ಸಾಲು, ಕಂಬಗಳ ಮೊತ್ತ ಹಾಗೇ ಇಟ್ಟು ಸಾಧ್ಯವಿರುವ ಟೇಬಲ್‌ಗಳನ್ನೆಲ್ಲ ಎಣಿಸಿಬಿಡುತ್ತದೆ.

ಒಬ್ಬಳು ಹುಡುಗಿಗೆ ವೈವಾದಲ್ಲಿ ಆದದ್ದು ಹೇಳಲೇಬೇಕು. ಹೊರಗಿನಿಂದ ಬಂದ ಪರೀಕ್ಷಕರು ಥೀಸಿಸ್ ತಿರುವುತ್ತಾ "ಟೇಬಲ್ ಕೆಳಗೆ ಒಂದು ಸಾಲು ಇರಬೇಕಲ್ಲಮ್ಮ, ಎಲ್ಲಿ?" ಅಂದರು. ಎಸ್‌ಪಿಎಸ್‌ಎಸ್ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಅಲ್ಲೇ ಸಣ್ಣ ಅಕ್ಷರದಲ್ಲಿ ಬರೆದುಕೊಡುತ್ತದೆ, ಇಷ್ಟು ಸೆಲ್‌ಗಳಲ್ಲಿ ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಡಿಮೆ ಅಂತ. ಇವಳು ವರ್ಡ್‌ಗೆ ಪೇಸ್ಟ್ ಮಾಡುವಾಗ ಚಂದ ಕಾಣಲ್ಲ ಅಂತ ಆ ಸಾಲನ್ನೇ ಕತ್ತರಿಸಿದ್ದಳು. ಮೂರು ವರ್ಷದ ಕೆಲಸ, ಮಾತೇ ಹೊರಡಲಿಲ್ಲ ಪಾಪ. ಎರಡು ಸಾಲು, ಎರಡು ಕಂಬದ ಟೇಬಲ್ ಆದರೆ ಫಿಶರ್ ಉತ್ತರವೂ ಅದೇ ಔಟ್‌ಪುಟ್‌ನಲ್ಲಿ ಬಂದಿರುತ್ತದೆ, ನೋಡಲು ಏನು ಕಷ್ಟ?

ಫಿಶರ್ ಹಾಕಲು ಸಾಲು, ಕಂಬಗಳ ಮೊತ್ತ ಮೊದಲೇ ಗೊತ್ತಿರಬೇಕು, ಹಾಗೆ ಹೀಗೆ ಅಂತ ಕೆಲವರು ರಾಗ ಎಳೆಯುತ್ತಾರೆ. ಅವರಿಗೆ ಹೇಗಾದರೂ 0.05ರ ಕೆಳಗೆ ಇಳಿದರೆ ಸಾಕು, ಅಷ್ಟೇ.

ವಿರೋಧ: ಯಾವಾಗಲೂ ಬೇಡ

ಈ ಕಡೆಗೆ ಯಾರೂ ಸಿಗಲಿಲ್ಲ ಅಂತ ಉಡುಪಿಯಲ್ಲಿದ್ದ ನನ್ನನ್ನು ಹಿಡಿದರು. ಫಿಶರ್ ನಾನೂ ಬಳಸುತ್ತೇನೆ. ಒಪ್ಪಿಕೊಂಡದ್ದಕ್ಕೆ ಬರೆಯುತ್ತಿದ್ದೇನೆ.

ಈ ಟೆಸ್ಟ್ ಕೊಟ್ಟ ಫಿಶರ್ 1935ರಲ್ಲಿ ಬರೆದ ಟೀ ಕಥೆ ಗೊತ್ತಲ್ವಾ? 8 ಕಪ್, 4ಕ್ಕೆ ಹಾಲು ಮೊದಲು, 4ಕ್ಕೆ ಟೀ ಮೊದಲು. ಯಾವುದಕ್ಕೆ ಯಾವುದು ಮೊದಲು ಹಾಕಿದ್ದು ಅಂತ ಒಬ್ಬ ಮಹಿಳೆ ಕುಡಿದು ಹೇಳಬೇಕು, ಅವರಿಗೂ ನಾಲ್ಕು-ನಾಲ್ಕು ಅಂತ ಮೊದಲೇ ಹೇಳಿರುತ್ತಾರೆ. ಹಾಗಾಗಿ ಎರಡೂ ಕಡೆಯ ಮೊತ್ತ ಗಟ್ಟಿ, ಸುಮ್ನೆ ಊಹಿಸಿ ಎಲ್ಲ ಸರಿ ಹೇಳುವ ಸಾಧ್ಯತೆ 70ರಲ್ಲಿ 1. ಮಂಗಳೂರು ದಕ್ಕೆಯಲ್ಲಿ ನಿಂತು ಮೀನು ಹೊರುವವರನ್ನು "ಸೊಂಟನೋವು ಇದೆಯಾ" ಅಂತ ಕೇಳುವವನಿಗೆ ಎಷ್ಟು ಜನ ಹೌದು ಅಂತಾರೆ ಅಂತ ಮೊದಲೇ ಗೊತ್ತಿರುತ್ತಾ? ಅಂಥ ಕಡೆ ಫಿಶರ್ ತುಂಬ ಬಿಗಿ. ಇಲ್ಲದ ಸಂಬಂಧವನ್ನು ಇದೆ ಅನ್ನುವ ತಪ್ಪಿನ ಮಿತಿ 5% ಅಂತ ಹೇಳಿಕೊಂಡರೂ ನಿಜಕ್ಕೆ ಅದಕ್ಕಿಂತ ಕೆಳಗೇ ನಿಲ್ಲುತ್ತದೆ, ಇರುವ ಸಂಬಂಧವೂ ಕೈತಪ್ಪುತ್ತದೆ. ಬಾರ್ನಾರ್ಡ್ 1945ರಲ್ಲೇ ಇದಕ್ಕೆ ಬೇರೆ ಟೆಸ್ಟ್ ಕೊಟ್ಟರು, ನಮ್ಮಲ್ಲಿ ಬಳಸುವವರು ಕಡಿಮೆ.

4.5ರ ಬಗ್ಗೆ ಮೇಡಂ ಹೇಳಿದ್ದು ಇರಲಿ. ಒಂದೇ ರೋಗಿಯನ್ನು ಚಿಕಿತ್ಸೆಗೆ ಮೊದಲು ಒಂದು ಸಲ, ಆಮೇಲೆ ಒಂದು ಸಲ ನೋಡಿದ ಟೇಬಲ್ ಆದರೆ ಈ ಎರಡೂ ಟೆಸ್ಟ್ ನಡೆಯಲ್ಲ, ಅಂಥ ಜೋಡಿ ಲೆಕ್ಕಕ್ಕೇ ಇರುವ ಮೆಕ್‌ನೆಮಾರ್ ಟೆಸ್ಟ್ ಬೇಕು. ಥೀಸಿಸ್‌ಗಳಲ್ಲಿ ನಾನು ಜಾಸ್ತಿ ನೋಡುವ ತಪ್ಪು ಅದು, ಆದರೆ ನನಗೆ ಕೊಟ್ಟ ವಿಷಯ ಅದಲ್ಲ.