ಮಧ್ಯಂತರದವರೆಗೆ ಮಾತ್ರ ತಾಯಿ

ಶಿವಮೊಗ್ಗದ ಪ್ರೇಕ್ಷಕರು ಎರಡು ವಾರಗಳಿಂದ ಒಂದೇ ಚಿತ್ರವನ್ನು ನೋಡಿ ಅಳುತ್ತಲೂ ಇದ್ದಾರೆ, ಅದನ್ನು ನಿಲ್ಲಿಸಬೇಕೆಂದು ಮನವಿ ಕೊಡುತ್ತಲೂ ಇದ್ದಾರೆ. ಚಿತ್ರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದನ್ನು ನೋಡದವರೂ ತಕ್ಷಣ ತಮ್ಮ ನಿಲುವನ್ನು ಪ್ರಕಟಿಸಿಬಿಡುವ ಅಪಾಯವಿದೆ. ಕಥೆಯೇನೋ ಸರಳವಾದದ್ದೇ. ತೀರ್ಥಹಳ್ಳಿಯ ಕಡೆಯ ಒಂಟಿ ಮನೆ, ತವರಿನಿಂದ ಬಂದ ಮೂರು ಎಕರೆ ಅಡಿಕೆ ತೋಟ, ತೀರಿಕೊಂಡ ಗಂಡ, ಬೆಂಗಳೂರಿನಲ್ಲೊಬ್ಬ ಮಗ, ಅಮೆರಿಕದಲ್ಲಿ ಇನ್ನೊಬ್ಬ, ಇವರೆಲ್ಲರ ನಡುವೆ ಕೊಳೆರೋಗಕ್ಕೆ ಔಷಧಿ ಹೊಡೆಸಲು ಮರ ಹತ್ತುವ ಕೊನೆಗಾರನನ್ನು ಹುಡುಕುತ್ತ ಆಷಾಢದ ಮಳೆಯಲ್ಲಿ ಮನೆಮನೆ ಅಲೆಯುವ ಎಪ್ಪತ್ತು ದಾಟಿದ ತಾಯಿ. ಮಧ್ಯಂತರದವರೆಗೆ ಆಕೆ ಅಳುತ್ತಾಳೆ. ಮಧ್ಯಂತರ ಮುಗಿದ ಮೇಲೆ ತೋಟ ಮಾರುತ್ತಾಳೆ.

ಮೊದಲರ್ಧದ ಬಗ್ಗೆ ಊರಿನಲ್ಲಿ ಭಿನ್ನಾಭಿಪ್ರಾಯವೇ ಇಲ್ಲ. ಮಗನ ಫೋನು ಬರಬಹುದೆಂದು ಆ ತಾಯಿ ಕೊಡೆ ಹಿಡಿದು, ಸಿಗ್ನಲ್ ಹುಡುಕಿಕೊಂಡು ಗುಡ್ಡದ ನೆತ್ತಿಗೆ ಹತ್ತುವ ದೃಶ್ಯದಲ್ಲಿ ಬಾಲ್ಕನಿಯಿಂದ ಮುಂದಿನ ಸಾಲಿನವರೆಗೆ ಮೂಗು ಸೀಟುವ ಸದ್ದು ಕೇಳಿಸುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಊರಿನಿಂದ ಅಮ್ಮನ ಕರೆ ಬಂದಾಗ, ಅಳುವಿಗೆ ಅಡ್ಡಿಯಾದೀತೆಂದು ಕಟ್ ಮಾಡಿದವರೂ ಇದ್ದಾರೆ. ಮಧ್ಯಂತರದಲ್ಲಿ ಕೆಂಪು ಸ್ಪಂಜು ತೊಡಿಸಿದ ಮೈಕು ಹಿಡಿದು ಯೂಟ್ಯೂಬ್ ಚಾನೆಲ್‌ನ ಹುಡುಗ ಮೆಟ್ಟಿಲ ಬಳಿ ಕಾದಿರುತ್ತಾನೆ. ಅಡಿಕೆ ಮಂಡಿಯ ಸಾಹುಕಾರರೊಬ್ಬರು ಅವನೆದುರು ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ‘ನಮ್ಮಮ್ಮ ನೆನಪಾದ್ರು’ ಎಂದು ಗದ್ಗದಿತರಾದರು. ಬೆಳಕು ಸಾಲದೆ ಚಿತ್ರ ಕಪ್ಪಾಗಿ ಬಂದದ್ದರಿಂದ ಹುಡುಗ ಬಹಳ ವಿನಯದಿಂದ, ‘ಸಾರ್, ಈ ಕಡೆ ಟ್ಯೂಬ್‌ಲೈಟ್ ಕೆಳಗೆ ಬಂದು ಇನ್ನೊಂದ್ಸಲ ಅಳ್ತೀರಾ?’ ಎಂದು ಕೇಳಿಕೊಂಡ. ಸಾಹುಕಾರರು ಬಂದು ಅತ್ತರು. ನೋಡಿದವರ ಪ್ರಕಾರ ಎರಡನೆಯ ಅಳುವೇ ಹೆಚ್ಚು ಸಹಜವಾಗಿತ್ತು. ಅವರ ತಾಯಿ ಹೊಸನಗರದ ಮನೆಯಲ್ಲಿ ಗಟ್ಟಿಮುಟ್ಟಾಗಿ, ಒಬ್ಬರೇ, ಬದುಕಿದ್ದಾರೆ ಎಂಬುದನ್ನು ಓದುಗರ ಸಮಾಧಾನಕ್ಕಾಗಿ ಇಲ್ಲಿಯೇ ತಿಳಿಸಿಬಿಡುವುದು ಒಳ್ಳೆಯದು.

ತೊಂದರೆ ಶುರುವಾಗುವುದು ದೋಸೆಯಿಂದ. ತೋಟ ಮಾರಿದ ತಾಯಿ ಶಿವಮೊಗ್ಗದ ವಿನೋಬನಗರದಲ್ಲಿ ಎರಡು ಕೋಣೆಯ ಮನೆ ಕೊಂಡು, ಉಳಿದ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಒಂದು ಬೆಳಿಗ್ಗೆ ಹೋಟೆಲಿಗೆ ಹೋಗಿ ಒಬ್ಬಳೇ ಮಸಾಲೆ ದೋಸೆ ತಿನ್ನುತ್ತಾಳೆ. ಮೇಜಿನ ಮೇಲೆ ಫೋನು ರಿಂಗಾಗುತ್ತದೆ, ಪರದೆಯ ಮೇಲೆ ದೊಡ್ಡ ಮಗನ ಹೆಸರು ಕಾಣಿಸುತ್ತದೆ. ಆಕೆ ಎಡಗೈಯಿಂದ ಫೋನನ್ನು ಮಗುಚಿ ಹಾಕಿ, ಮಾಣಿಯನ್ನು ಕರೆದು ಇನ್ನೊಂದು ಕಾಫಿ ಹೇಳುತ್ತಾಳೆ. ಇಡೀ ಚಿತ್ರದಲ್ಲಿ ಹೊಡೆದಾಟವಿಲ್ಲ, ಮುತ್ತಿಲ್ಲ, ದೇವರ ಸುದ್ದಿಯಿಲ್ಲ, ಜಾತಿಯ ಹೆಸರಿಲ್ಲ. ಆದರೂ ಜಿಲ್ಲೆಯ ಸಮಸ್ತ ಭಾವನೆಗಳಿಗೆ ಧಕ್ಕೆಯಾಗಲು ಆ ಎರಡನೆಯ ಕಾಫಿಯೊಂದೇ ಸಾಕಾಯಿತು. ಮಧ್ಯಂತರದಲ್ಲಿ ಎರಡು ಸಲ ಅತ್ತಿದ್ದ ಸಾಹುಕಾರರು ಹೊರಗೆ ಬಂದು ಅದೇ ಮೈಕಿನ ಮುಂದೆ, ‘ಇದು ನಮ್ಮ ಸಂಸ್ಕೃತಿ ಅಲ್ಲ, ತಾಯಿ ಅಂದ್ರೆ ತ್ಯಾಗ’ ಎಂದು ಗುಡುಗಿದರು. ಈ ಬಾರಿ ಬೆಳಕಿನ ತೊಂದರೆಯಾಗಲಿಲ್ಲ.

ಭರತಮುನಿ ಕರುಣರಸಕ್ಕೆ ಶೋಕವೇ ಸ್ಥಾಯಿಭಾವ ಎಂದು ಬರೆದಿಟ್ಟಿದ್ದಾನೆ. ಆತ ಅಡಿಕೆ ಸೀಮೆಗೆ ಬಂದವನಲ್ಲ. ಬಂದಿದ್ದರೆ, ಇಲ್ಲಿ ಶೋಕವೆಂಬುದು ಬಂದು ಹೋಗುವ ಸಂಚಾರಿ ಭಾವ ಮಾತ್ರವೆಂದೂ, ಸ್ಥಾಯಿಯಾಗಿರುವುದು ಸ್ಥಿರಾಸ್ತಿಯೊಂದೇ ಎಂದೂ ತಿದ್ದಿಕೊಳ್ಳುತ್ತಿದ್ದ. ತಾಯಿಯ ಕಣ್ಣೀರನ್ನು ನೋಡಿ ಕರಗಿದ ಹೃದಯ, ತಾಯಿಯ ಸಹಿಯನ್ನು ನೋಡಿದ ಕೂಡಲೇ ರೌದ್ರಕ್ಕೆ ತಿರುಗಿದ ವೇಗವನ್ನು ವಿವರಿಸಲು ಅಲಂಕಾರಶಾಸ್ತ್ರ ಸಾಲದು, ಕಂದಾಯಶಾಸ್ತ್ರವೇ ಬೇಕು.

ಜಿಲ್ಲಾಧಿಕಾರಿಗಳ ಕಚೇರಿಗೆ ಮನವಿ ಕೊಡಲು ಬಂದವರಲ್ಲಿ ಚಿತ್ರ ನೋಡಿದವರು ಎಷ್ಟು ಜನರೆಂದು ಪತ್ರಕರ್ತರೊಬ್ಬರು ವಿಚಾರಿಸಿದಾಗ ಮುಂದಾಳುಗಳಿಗೆ ನಿಜವಾಗಿಯೂ ಬೇಸರವಾಯಿತು. ‘ನೋಡಿದ್ರೆ ಭಾವನೆಗೆ ಧಕ್ಕೆ ಆಗುತ್ತೆ ಅಂತ ಗೊತ್ತಿದ್ದೂ ನೋಡೋಕಾಗುತ್ತೇನ್ರೀ?’ ಎಂಬ ಅವರ ಪ್ರಶ್ನೆಗೆ ತರ್ಕದಲ್ಲಿ ಉತ್ತರವಿಲ್ಲ. ಇದೇ ಮಲೆನಾಡಿನ ಅಗ್ರಹಾರದಲ್ಲಿ ಚಿತ್ರೀಕರಿಸಿದ 1970ರ ‘ಸಂಸ್ಕಾರ’ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ತಡೆ ಹಾಕಿತು, ಬಳಿಕ ಅದಕ್ಕೇ ಸ್ವರ್ಣಕಮಲ ಬಂತು, ಆದರೆ ಅಂದು ತಡೆ ಹಾಕಿದವರು ಚಿತ್ರವನ್ನು ನೋಡುವಷ್ಟು ಹಳೆಯ ಕಾಲದ ಶ್ರಮವನ್ನಾದರೂ ತೆಗೆದುಕೊಂಡಿದ್ದರು. ಪ್ರತಿಭಟನೆಯ ಬೆದರಿಕೆಯೊಂದನ್ನೇ ಕಾರಣವಾಗಿಟ್ಟುಕೊಂಡು ಪ್ರಮಾಣಪತ್ರ ಪಡೆದ ಚಿತ್ರವನ್ನು ಹತ್ತಿಕ್ಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 1989ರಲ್ಲಿಯೇ ರಂಗರಾಜನ್ ಪ್ರಕರಣದಲ್ಲಿ ಹೇಳಿದೆ. ಮನವಿಯಲ್ಲಿ ಆ ತೀರ್ಪಿನ ಪ್ರಸ್ತಾಪವಿರಲಿಲ್ಲ. ಅದರ ಬದಲು, ಚಿತ್ರ ಪ್ರದರ್ಶನ ಮುಂದುವರಿದರೆ ಮುಂದಿನ ಅನಾಹುತಗಳಿಗೆ ಜಿಲ್ಲಾಡಳಿತವೇ ಹೊಣೆ ಎಂಬ, ಎಲ್ಲ ಮನವಿಗಳಿಗೂ ಹೊಂದುವ ಕೊನೆಯ ಸಾಲು ಇತ್ತು. ವೇಷವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಯಲ್ಲಿ ಕರ್ಣನಾಗಿ ಮಾತಾಡುವ ಅರ್ಥಧಾರಿ ಹೆತ್ತ ತಾಯಿಯನ್ನೇ ಗಂಟೆಗಟ್ಟಲೆ ಪ್ರಶ್ನಿಸಿದರೂ ಎರಡೂ ಕಡೆಯ ಮಾತಿಗೆ ತಲೆದೂಗುವ ಪ್ರೇಕ್ಷಕರಿದ್ದ ಸೀಮೆಯಿದು, 1973ರಲ್ಲಿ ಕೆ.ವಿ. ಸುಬ್ಬಣ್ಣನವರಂಥವರು ಹೆಗ್ಗೋಡಿನ ತೋಟಗಳ ನಡುವೆ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿದ ಜಿಲ್ಲೆಯಿದು. ಬಹುಶಃ ಆ ಯಾವ ಸಿನಿಮಾದಲ್ಲಿಯೂ ನಮ್ಮ ಪಹಣಿಯ ಸರ್ವೆ ನಂಬರು ಕಾಣಿಸಿರಲಿಲ್ಲ.

‘ಮಕ್ಕಳನ್ನು ಕೇಳದೆ ಮಾರೋಕೆ ಆಯಮ್ಮನಿಗೆ ಹಕ್ಕೆಲ್ಲಿದೆ ಮಾರಾಯ್ರೇ?’ ಎಂಬುದು ಗೋಪಿ ವೃತ್ತದ ಸುತ್ತಮುತ್ತ ಈಗ ಕಾಫಿಯ ಜೊತೆಗೆ ಬರುವ ಪ್ರಶ್ನೆ. ಹಕ್ಕು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೆಯ ಕಲಮಿನಲ್ಲಿದೆ. ತವರಿನಿಂದ ಬಂದ ಆಸ್ತಿಗೆ ಆಕೆಯೇ ಪೂರ್ಣ ಒಡತಿ ಎಂಬುದು ಈ ಪ್ರಶ್ನೆ ಕೇಳುತ್ತಿರುವ ಬಹುತೇಕರು ಹುಟ್ಟುವುದಕ್ಕೆ ಮೊದಲೇ ತೀರ್ಮಾನವಾದ ಸಂಗತಿ. ವಕೀಲ ಮಿತ್ರರೊಬ್ಬರು ಇದನ್ನು ತಿಳಿಸಿದ ಮೇಲೆ ಚರ್ಚೆ ಕಾನೂನಿನಿಂದ ಥಟ್ಟನೆ ಧರ್ಮಕ್ಕೆ ಜಿಗಿಯಿತು. ಅವರು ಅಷ್ಟಕ್ಕೇ ಬಿಡದೆ, 2007ರ ಹಿರಿಯ ನಾಗರಿಕರ ಕಾಯ್ದೆಯನ್ನೂ ತೆಗೆದರು: ಹೆತ್ತವರು ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು, ಮಕ್ಕಳು ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಮೇಜಿನ ಸುತ್ತ ಒಂದು ಕ್ಷಣ ಮೌನ. ಆಮೇಲೆ ಒಬ್ಬರು ತಗ್ಗಿದ ದನಿಯಲ್ಲಿ, ಷರತ್ತನ್ನು ಬರೆಯದೆ ದಾನಪತ್ರ ಮಾಡಿಸಿದರೆ ಹೇಗೆ ಎಂದು ವಿಚಾರಿಸಿದರು. ಕಲೆಯು ಸಮಾಜವನ್ನು ಜಾಗೃತಗೊಳಿಸುವುದಿಲ್ಲ ಎಂದು ಇನ್ನು ಯಾರೂ ದೂರುವಂತಿಲ್ಲ.

ದೂರದ ಮಕ್ಕಳ ಭಕ್ತಿ ಇನ್ನೂ ಮಿಗಿಲು. ಚಿತ್ರ ಬಿಡುಗಡೆಯಾದ ಮೊದಲ ಮೂರು ದಿನ, ಮೊದಲರ್ಧದ ತುಣುಕುಗಳನ್ನಷ್ಟೇ ಮೊಬೈಲಿನಲ್ಲಿ ನೋಡಿದ್ದ ಬೆಂಗಳೂರಿನ ಸುಪುತ್ರರು ‘ಪ್ರತಿಯೊಬ್ಬ ತಾಯಿಯೂ ನೋಡಲೇಬೇಕು’ ಎಂದು ಸ್ಟೇಟಸ್ ಹಾಕಿ, ಊರಿನಲ್ಲಿದ್ದ ಅಮ್ಮಂದಿರಿಗೆ ಆನ್‌ಲೈನಿನಲ್ಲಿ ಟಿಕೇಟು ತೆಗೆದು, ಪೇಟೆಗೆ ಹೋಗಿ ಬರಲು ಆಟೋ ಗೊತ್ತುಮಾಡಿ ಕಳಿಸಿದರು. ನಾಲ್ಕನೆಯ ದಿನ ತಾವೇ ಪೂರ್ತಿ ಚಿತ್ರ ನೋಡಿದರು. ಐದನೆಯ ದಿನದಿಂದ ಅವೇ ಸ್ಟೇಟಸ್‌ಗಳಲ್ಲಿ ‘ವಯಸ್ಸಾದವರು ನೋಡುವಂಥ ಚಿತ್ರವಲ್ಲ, ರಕ್ತದೊತ್ತಡ ಏರಬಹುದು’ ಎಂಬ ಆರೋಗ್ಯ ಸಲಹೆ ಕಾಣಿಸಿಕೊಂಡಿತು. ಹಬ್ಬವಿಲ್ಲ, ಮದುವೆಯಿಲ್ಲ, ಸಾಲುರಜೆಯೂ ಇಲ್ಲ. ಆದರೂ ಆ ಶನಿವಾರ ಬೆಂಗಳೂರಿನಿಂದ ಬರುವ ರಾತ್ರಿ ಬಸ್ಸುಗಳಲ್ಲಿ ಸೀಟು ಸಿಗಲಿಲ್ಲ. ಮಲೆನಾಡಿನ ಮಳೆ ನೋಡಲು ಬಂದೆವೆಂದು ಹೇಳಿದ ಮಕ್ಕಳು, ಬೆಳಿಗ್ಗೆ ತಿಂಡಿಯ ಹೊತ್ತಿಗೆ, ಬೀರುವಿನ ಕೀಲಿ ಈಗಲೂ ಅದೇ ಡಬ್ಬಿಯಲ್ಲಿದೆಯೇ ಎಂದು ಸುಮ್ಮನೆ ಕೇಳಿದರಂತೆ.

ಈಗ ರಾಜಿಯ ಪ್ರಯತ್ನಗಳು ನಡೆದಿವೆ. ಕೊನೆಯಲ್ಲಿ ತಾಯಿ ಪಶ್ಚಾತ್ತಾಪಪಟ್ಟು, ತೋಟವನ್ನು ವಾಪಸು ಕೊಂಡು, ಇಬ್ಬರು ಮಕ್ಕಳಿಗೂ ಸಮನಾಗಿ ಬರೆದುಕೊಟ್ಟು, ಜಗಲಿಯ ಮೇಲೆ ಸಂತೃಪ್ತಳಾಗಿ ಕಣ್ಣು ಮುಚ್ಚಬೇಕು ಎಂಬುದು ಒಂದು ಬಣದ ಸಲಹೆ. ಅಡಿಕೆಯ ಈಗಿನ ಧಾರಣೆಯಲ್ಲಿ ಮಾರಿದ ಬೆಲೆಗೆ ತೋಟ ವಾಪಸು ಸಿಗುವುದಿಲ್ಲವಾದ್ದರಿಂದ ಕಥೆಯ ನೈಜತೆಗೆ ಕುಂದು ಬರುತ್ತದೆಂದು ಇನ್ನೊಂದು ಬಣ ಆಕ್ಷೇಪಿಸಿದೆ. ಮೂರನೆಯವರು ಬಹಳ ವ್ಯಾವಹಾರಿಕವಾಗಿ, ಚಿತ್ರವನ್ನು ಮಧ್ಯಂತರಕ್ಕೇ ನಿಲ್ಲಿಸಿ ಅರ್ಧ ಟಿಕೇಟಿನ ಹಣ ಪಡೆಯಬೇಕೆಂದು ಸೂಚಿಸಿದ್ದಾರೆ; ಅಳುವಷ್ಟು ಅತ್ತಾಯಿತಲ್ಲ, ಉಳಿದದ್ದಕ್ಕೆ ದುಡ್ಡೇಕೆ ಎಂಬುದು ಅವರ ವಾದ. ಚಿತ್ರಮಂದಿರದ ವ್ಯವಸ್ಥಾಪಕರು ಇದಕ್ಕೆ ಒಪ್ಪಿಯೇ ಬಿಡುತ್ತಿದ್ದರು. ಆದರೆ ಮಂಗಳವಾರ ಮಧ್ಯಾಹ್ನದ ಆಟಕ್ಕೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಬಸ್ಸು ಇಳಿದು, ಕೈಯಲ್ಲಿ ಕೊಡೆ, ಬಗಲಲ್ಲಿ ಬಟ್ಟೆಯ ಚೀಲ ಹಿಡಿದ ಹೆಂಗಸರ ದೊಡ್ಡ ಗುಂಪೊಂದು ಬಂದಿತು. ಅವರೆಲ್ಲ ಟಿಕೇಟಿಗೆ ನೂಕಾಡದೆ ಮೋಟು ಗೋಡೆಯ ಮೇಲೆ ಸಾಲಾಗಿ ಕುಳಿತು ಕವಳ ಹಾಕತೊಡಗಿದ್ದನ್ನು ನೋಡಿ ಕೌಂಟರಿನ ಹುಡುಗನಿಗೆ ಗಾಬರಿಯಾಯಿತು. ‘ಅಮ್ಮಾ, ಸಿನಿಮಾ ಶುರುವಾಯ್ತು, ಒಳಗೆ ಹೋಗಲ್ವಾ?’ ಎಂದು ಕೂಗಿದ.

‘ಇಂಟರ್‌ವಲ್ ಆದ್ಮೇಲೆ ಕರಿ ತಮ್ಮಾ’ ಎಂದರು ಹಿರಿಯರೊಬ್ಬರು, ಎಲೆಗೆ ಸುಣ್ಣ ಸವರುತ್ತ. ‘ಮೊದ್ಲಿನ ಅರ್ಧ ನಮಗೆ ಮನೇಲೇ ಇದೆ.’