ನಕ್ಷತ್ರ ಆಮೆ ಸಾಕೋಕೆ ತೋಟದ ಮನೆಗೆ ಹೋದ್ರೆ ಸಾಕಾ? ಸತ್ಯಾಂಶ

"ಬೆಂಗಳೂರು ಫ್ಲಾಟಲ್ಲಿ ನಕ್ಷತ್ರ ಆಮೆ ಸಾಕಿದ್ರೆ ಕೇಸು, ಹಳ್ಳೀಲಿ ಸ್ವಂತ ತೋಟದ ಮನೆ ಇದ್ರೆ ಪರ್ಮಿಷನ್ ಬೇಡ" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಇದು ಸುಳ್ಳು. ಕಾನೂನು ನೋಡೋದು ಪ್ರಾಣಿ ಯಾವುದು ಅಂತ, ಮನೆ ಯಾರದ್ದು, ಎಲ್ಲಿದೆ ಅಂತ ಅಲ್ಲ. ನಕ್ಷತ್ರ ಆಮೆ ನಮ್ಮ ಕೋಲಾರ ಕಡೆ ಬಯಲಲ್ಲೇ ಇರೋ ಕಾಡುಪ್ರಾಣಿ, 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ್ಮೇಲೆ ಅತಿ ಹೆಚ್ಚು ರಕ್ಷಣೆ ಇರೋ ಪ್ರಾಣಿಗಳ ಪಟ್ಟಿಯಾದ ಶೆಡ್ಯೂಲ್ 1ರಲ್ಲಿದೆ, ಸಿಕ್ಕಿಬಿದ್ರೆ 3ರಿಂದ 7 ವರ್ಷ ಜೈಲು ಆಗಬಹುದು. ಅದೃಷ್ಟ ತರುತ್ತೆ ಅಂತ ತಂದಿಟ್ಕೊಂಡೋರಿಗೆ ಬರೋ ಅದೃಷ್ಟ ಇದು!

ಇಗ್ವಾನಾ (ದೊಡ್ಡ ಹಲ್ಲಿ ಜಾತಿ), ಬಾಲ್ ಪೈಥಾನ್ (ಸಣ್ಣ ಹೆಬ್ಬಾವು) ತರದ ವಿದೇಶಿ ಜೀವಿಗಳ ಕಥೆ ಬೇರೆ. ಇವು ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸೋ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟೀಲಿರೋದ್ರಿಂದ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಲ್ಲಿ ರಿಜಿಸ್ಟರ್ ಮಾಡಿಸ್ಬೇಕು, ಅದೂ ಎಲ್ಲೇ ಇದ್ರೂ.

ಹಾಗಾದ್ರೆ ಇಂಥ ವಿದೇಶಿ ಜೀವಿ ಸಾಕೋರು ಬಾಡಿಗೆ ಮನೆ ಹುಡುಕೋವಾಗ ಏನ್ ನೋಡ್ಬೇಕು? ಮೊದಲು ಓನರ್ ಹತ್ರ ಬಾಯಿ ಬಿಟ್ಟು ಹೇಳಿ ಅಗ್ರಿಮೆಂಟಲ್ಲಿ ಬರೆಸ್ಕೊಳ್ಳಿ, ಹಾವು ಅಂದ್ರೆ ಅರ್ಧ ಜನ ಅಲ್ಲೇ ಬಾಗಿಲು ಹಾಕ್ತಾರೆ ಅದು ಬೇರೆ ಮಾತು. ಆಮೇಲೆ ಕರೆಂಟ್, ಇವು ಶೀತರಕ್ತ ಪ್ರಾಣಿಗಳು, ಮೈ ಬಿಸಿಗೆ ಹೊರಗಿನ ಶಾಖಾನೇ ಬೇಕು, ಡಿಸೆಂಬರ್ ರಾತ್ರಿ ಹೀಟರ್ ಆಫ್ ಆದ್ರೆ ತಿಂದಿದ್ದು ಜೀರ್ಣ ಆಗಲ್ಲ, ಅದಕ್ಕೆ ಪವರ್ ಬ್ಯಾಕಪ್ ಇರೋ ಮನೆ ನೋಡಿ. ಕಿಟಕಿ ಹತ್ರ ಬಿಸಿಲು ಬೀಳುತ್ತೆ ಅಂತ ಖುಷಿ ಪಡ್ಬೇಡಿ, ಇಗ್ವಾನಾಗೆ ಬೇಕಾದ ಯುವಿಬಿ (ಬಿಸಿಲಲ್ಲಿರೋ ಒಂದು ಬಗೆಯ ನೇರಳಾತೀತ) ಕಿರಣ ಮಾಮೂಲಿ ಗಾಜಲ್ಲಿ ಹೆಚ್ಚುಕಮ್ಮಿ ಪೂರ್ತಿ ನಿಂತೋಗುತ್ತೆ, ಬಾಲ್ಕನಿನೋ ಸರಿಯಾದ ಲ್ಯಾಂಪೋ ಬೇಕೇ ಬೇಕು.