ಸಮರ್ಥ ವ್ಯಕ್ತಿಯ ಹೆಸರು

ವಾಣಿಜ್ಯ ಮೇಳಗಳಿಗೆ ಮಳಿಗೆ ಕಟ್ಟಿಕೊಡುವ ಸಂಸ್ಥೆಯೊಂದರಲ್ಲಿ ನನಗೆ ಕೆಲಸ. ಮಳಿಗೆ ಕಟ್ಟುವವನು ನಾನಲ್ಲ. ಕಟ್ಟಲಿರುವ ಮಳಿಗೆ ಯಾರ ತಲೆಯ ಮೇಲೂ ಬೀಳುವುದಿಲ್ಲ, ಹೊತ್ತಿ ಉರಿಯುವುದಿಲ್ಲ, ಮುಟ್ಟಿದವರಿಗೆ ಶಾಕ್ ಹೊಡೆಯುವುದಿಲ್ಲ ಎಂದು ಮುಂಚಿತವಾಗಿ ಕಾಗದದಲ್ಲಿ ಬರೆದುಕೊಡುವವನು. ಮೂರು ದಿನ ಕಟ್ಟಿ, ನಾಲ್ಕು ದಿನ ನಿಲ್ಲಿಸಿ, ಒಂದೇ ರಾತ್ರಿಯಲ್ಲಿ ಬಿಚ್ಚಿ ಒಯ್ಯುವ ಆ ಕಟ್ಟಡಕ್ಕೆ ಅಪಾಯಗಳನ್ನು ಅಳೆಯುವ ರಿಸ್ಕ್ ಅಸೆಸ್‌ಮೆಂಟ್, ಕೆಲಸವನ್ನು ಹೇಗೆ, ಯಾವ ಕ್ರಮದಲ್ಲಿ ಮಾಡುತ್ತೇವೆಂದು ಹೇಳುವ ಮೆಥಡ್ ಸ್ಟೇಟ್‌ಮೆಂಟ್, ಅಳತೆಗಳಿರುವ ನಕ್ಷೆ, ವಿದ್ಯುತ್ ಜೋಡಣೆಯ ನಕ್ಷೆ, ಬಟ್ಟೆ ಮತ್ತು ಹಲಗೆಗಳ ಅಗ್ನಿ ಪರೀಕ್ಷೆಯ ಸರ್ಟಿಫಿಕೇಟುಗಳು, ವಿಮೆಯ ಪ್ರತಿ ಇಷ್ಟೂ ಸೇರಿ ಮೂವತ್ತೊಂದು ಪುಟಗಳ ಫೈಲು ತಯಾರಾಗಬೇಕು. ಆಯೋಜಕರು ಅದನ್ನು ಒಪ್ಪಿದ ಮೇಲೆಯೇ ಮೊದಲ ಮೊಳೆ ಹೊಡೆಯಬಹುದು.

ಫೈಲು ಸಲ್ಲಿಸಲು ಆಯೋಜಕರು ತಿಂಗಳುಗಟ್ಟಲೆ ಕಾಲಾವಕಾಶ ಕೊಟ್ಟಿರುತ್ತಾರೆ. ಆದರೂ ಸಂತೆ ಹೊತ್ತಿಗೆ ಮೂರು ಮೊಳ ನೇಯುವುದು ನನ್ನ ಹುಟ್ಟುಗುಣ. ಈ ಸಲವೂ ಕಡೆಯ ದಿನಾಂಕದ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಕಂಪ್ಯೂಟರ್ ಮುಂದೆ ಕುಳಿತು, ಹಿಂದೊಮ್ಮೆ ದೋಣಿ ತಯಾರಕರ ಮಳಿಗೆಗಾಗಿ ಬರೆದಿದ್ದ ಫೈಲನ್ನು ತೆರೆದೆ. ಅಂದಿನ ಮಳಿಗೆಯಲ್ಲಿ ಸಣ್ಣ ಕೃತಕ ಕೊಳವೊಂದಿತ್ತು. ಇಂದಿನ ಗ್ರಾಹಕರದು ಪ್ಯಾಕಿಂಗ್ ಯಂತ್ರ. 'ದೋಣಿ' ಎಂದಿರುವಲ್ಲೆಲ್ಲ 'ಯಂತ್ರ' ಎಂದು ಬದಲಿಸು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟೆ, ಅದು ವಿಧೇಯವಾಗಿ ನಲವತ್ತಾರು ಕಡೆ ಬದಲಿಸಿತು. ಉಳಿದದ್ದು ಕೊನೆಯ ಪುಟದ ಒಂದೇ ಒಂದು ಖಾಲಿ ಜಾಗ: 'ಸ್ಥಳದಲ್ಲಿರುವ ಸಮರ್ಥ ವ್ಯಕ್ತಿಯ ಹೆಸರು'. ಎಂದರೆ ಕೆಲಸವನ್ನು ಚೆನ್ನಾಗಿ ಬಲ್ಲ, ಅದನ್ನು ಪರೀಕ್ಷಿಸಿ ಸರಿಯಿದೆ ಎನ್ನಬಲ್ಲ ವ್ಯಕ್ತಿ. ಅಲ್ಲಿ ನಮ್ಮ ಮೇಸ್ತ್ರಿಯ ಹೆಸರು ಬರೆಯಬೇಕು. ಆದರೆ ಇಪ್ಪತ್ತು ವರ್ಷಗಳಿಂದ ಮೇಸ್ತ್ರಿ ಎಂದೇ ಕರೆದು ರೂಢಿಯಾಗಿ, ಅವರ ಪೂರ್ತಿ ಹೆಸರು ಏನೆಂಬುದು ಆ ಹೊತ್ತಿನಲ್ಲಿ ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ನಡುರಾತ್ರಿ ಫೋನು ಮಾಡಿ 'ನಿಮ್ಮ ಹೆಸರೇನು' ಎಂದು ಕೇಳುವ ಧೈರ್ಯವೂ ಆಗದೆ ನನ್ನ ಹೆಸರನ್ನೇ ಬರೆದು ಕಳುಹಿಸಿಬಿಟ್ಟೆ. ಬೇಲಿಯ ಮೇಲಿದ್ದ ಓತಿಯನ್ನು ಹಿಡಿದು ಕಿವಿಗೆ ಬಿಟ್ಟುಕೊಳ್ಳುವುದೆಂದರೆ ಇದೇ ಎಂದು ಆಗ ತೋಚಲಿಲ್ಲ.

ಎರಡು ದಿನಗಳಲ್ಲಿ ಸುರಕ್ಷತಾ ಅಧಿಕಾರಿಯ ಉತ್ತರ ಬಂತು. ಅವರ ಭಾಷೆ ಬಹಳ ಸೌಮ್ಯವಾಗಿತ್ತು, ಓದುವವನ ಜೀವ ಹಿಂಡುವುದು ಅಂಥ ಸೌಮ್ಯವೇ. 'ಒಂಬತ್ತನೇ ಪುಟದಲ್ಲಿ, ಯಂತ್ರವು ತೇಲುತ್ತಿರುವಾಗ ಸಂದರ್ಶಕರು ಅಂಚಿಗೆ ಬರಬಾರದು ಎಂದಿದೆ. ಹತ್ತನೇ ಪುಟದಲ್ಲಿ, ಯಂತ್ರವು ಮಗುಚಿದಲ್ಲಿ ಬಳಸಲು ಎರಡು ಜೀವರಕ್ಷಕ ಬಳೆಗಳನ್ನು ಇರಿಸಲಾಗುವುದು ಎಂದಿದೆ. ಯಂತ್ರದ ತೂಕ ಎರಡು ಟನ್ ಎಂದು ಬೇರೆಡೆ ನಮೂದಿಸಿದ್ದೀರಿ. ಅದು ಎಷ್ಟು ಆಳದ ನೀರಿನಲ್ಲಿ ತೇಲುತ್ತದೆ ಎಂಬುದನ್ನು ದಯವಿಟ್ಟು ತಿಳಿಸುವುದು.'

ಅದಕ್ಕಿಂತ ಹೆಚ್ಚು ನಾಟಿದ್ದು ಅಂಕಗಳ ಕುರಿತ ಅವರ ಪ್ರಶ್ನೆ. ಈ ಕೆಲಸದ ಪರಿಚಯವಿಲ್ಲದವರಿಗಾಗಿ ಹೇಳುತ್ತೇನೆ. ರಿಸ್ಕ್ ಅಸೆಸ್‌ಮೆಂಟಿನಲ್ಲಿ ಪ್ರತಿಯೊಂದು ಅಪಾಯಕ್ಕೂ ಅದು ಸಂಭವಿಸುವ ಸಾಧ್ಯತೆಗೆ 1ರಿಂದ 5ರವರೆಗೆ ಒಂದು ಅಂಕ, ಸಂಭವಿಸಿದರೆ ಆಗುವ ಹಾನಿಗೆ 1ರಿಂದ 5ರವರೆಗೆ ಇನ್ನೊಂದು ಅಂಕ ಕೊಟ್ಟು, ಎರಡನ್ನೂ ಗುಣಿಸುವುದು ಸಾಮಾನ್ಯ ಪದ್ಧತಿ. ಎಲ್ಲಕ್ಕಿಂತ ಘೋರವಾದದ್ದಕ್ಕೆ 25. ಆಮೇಲೆ ಮುನ್ನೆಚ್ಚರಿಕೆಗಳನ್ನು ಬರೆದು, ಅವುಗಳಿಂದ ಅಂಕ ಎಷ್ಟಕ್ಕೆ ಇಳಿಯಿತೆಂದು ತೋರಿಸಬೇಕು. ನನ್ನ ಪಟ್ಟಿಯಲ್ಲಿ ಎಲ್ಲ ಅಪಾಯಗಳೂ 12ರಲ್ಲಿ ಹುಟ್ಟಿ 4ರಲ್ಲಿ ಶಾಂತವಾಗಿದ್ದವು. ಎತ್ತರದಿಂದ ಬೀಳುವುದಕ್ಕೂ 12, ಕಾಗದದ ಅಂಚು ತಾಗಿ ಬೆರಳು ಕೊಯ್ದುಕೊಳ್ಳುವುದಕ್ಕೂ 12. ಮುನ್ನೆಚ್ಚರಿಕೆಯ ಅಂಕಣದಲ್ಲಿ ಎಲ್ಲದಕ್ಕೂ ಒಂದೇ ಮದ್ದು: 'ಹೆಲ್ಮೆಟ್ ಮತ್ತು ಹಳದಿ ಜಾಕೆಟ್ ಧರಿಸಲಾಗುವುದು'. 'ನಾಲ್ಕು ಮೀಟರ್ ಮೇಲಿನಿಂದ ಬೀಳುವವನು ಹಳದಿ ಜಾಕೆಟ್ ತೊಟ್ಟಿದ್ದರೆ ಬೀಳುವುದು ಎಲ್ಲರಿಗೂ ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ' ಎಂದು ಅಧಿಕಾರಿ ಬರೆದಿದ್ದರು. ಅವರು ಹೇಳಿದ್ದು ನ್ಯಾಯವೇ. ಮೊದಲು ಅಪಾಯವನ್ನೇ ಇಲ್ಲವಾಗಿಸಲು ಆಗುತ್ತದೆಯೇ ಎಂದು ನೋಡಬೇಕು, ಆಗದಿದ್ದರೆ ಕಡಿಮೆ ಅಪಾಯದ ವಿಧಾನಕ್ಕೆ ಬದಲಾಗಬೇಕು, ಅದೂ ಆಗದಿದ್ದರೆ ಕಟಕಟೆ, ತಡೆಗಳನ್ನು ಹಾಕಬೇಕು, ಸೂಚನೆ ತರಬೇತಿಗಳು ಅದರ ನಂತರ. ಹೆಲ್ಮೆಟ್, ಕೈಗವಸುಗಳದು ಕೊನೆಯ ಸಾಲು. ಎತ್ತರದ ಹಲಗೆಗಳನ್ನು ನೆಲದ ಮೇಲೆಯೇ ಜೋಡಿಸಿ ಎತ್ತಿ ನಿಲ್ಲಿಸಿದರೆ ಮೇಲೆ ಹತ್ತುವ ಕೆಲಸ ಅರ್ಧಕ್ಕರ್ಧ ಉಳಿಯುತ್ತದೆ ಎಂಬುದು ಮೇಸ್ತ್ರಿಗೆ ಮೊದಲಿನಿಂದಲೂ ಗೊತ್ತಿತ್ತು. ಅವರನ್ನು ಕೇಳಬೇಕೆಂದು ನನಗೆ ಗೊತ್ತಿರಲಿಲ್ಲ.

ಫೈಲನ್ನು ಮರುದಿನ ಪೂರ್ತಿ ಹೊಸದಾಗಿ ಬರೆದೆ. ಈ ಸಲ ಮೇಸ್ತ್ರಿಯನ್ನು ಎದುರಿಗೆ ಕೂರಿಸಿಕೊಂಡು, ಒಂದೊಂದು ಕೆಲಸವನ್ನೂ ಕೇಳಿ ಕೇಳಿ ಬರೆದೆ. ಸಮರ್ಥ ವ್ಯಕ್ತಿಯ ಹೆಸರನ್ನು ಮಾತ್ರ ತಿದ್ದಲು ಮರೆತೆ.

ಇನ್ನು ಎತ್ತರದ ಕಥೆ. ಮಳಿಗೆ ನಾಲ್ಕು ಮೀಟರ್ ದಾಟಿದರೆ ಅನೇಕ ಮೇಳಗಳಲ್ಲಿ ಅದು 'ಸಂಕೀರ್ಣ ರಚನೆ' ಎನಿಸಿಕೊಳ್ಳುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕಾಚಾರ ಮಾಡಿ ಸಹಿ ಹಾಕದೆ ಅದಕ್ಕೆ ಒಪ್ಪಿಗೆ ಸಿಗುವುದಿಲ್ಲ. ಆ ಖರ್ಚೂ ಓಡಾಟವೂ ತಪ್ಪಲೆಂದು ನಮ್ಮ ವಿನ್ಯಾಸಕರು ಗೋಡೆಯ ನೆತ್ತಿಯಲ್ಲಿದ್ದ ಗ್ರಾಹಕರ ಲಾಂಛನದ ತುದಿಯವರೆಗೂ ಸರಿಯಾಗಿ 3.98 ಮೀಟರ್ ಬರುವಂತೆ ನಕ್ಷೆ ಹಾಕಿದ್ದರು. ಎರಡು ಸೆಂಟಿಮೀಟರ್ ಉಳಿಸಿದ ಆ ಜಾಣ್ಮೆಗೆ ಕಚೇರಿಯಲ್ಲಿ ಎಲ್ಲರೂ ಅವರ ಬೆನ್ನು ತಟ್ಟಿದ್ದೆವು. ಮಳಿಗೆ ನಿಂತ ಮೇಲೆ ಅಧಿಕಾರಿ ಟೇಪು ಹಿಡಿದು ಬಂದು, ಅದರ ಒಂದು ತುದಿಯನ್ನು ನಮ್ಮ ಕಾರ್ಪೆಟ್ಟಿನ ಮೇಲಿಡದೆ, ಕಾರ್ಪೆಟ್ಟಿನ ಅಂಚಿನಾಚೆ, ಹಾಲ್‌ನ ಕಾಂಕ್ರೀಟ್ ನೆಲದ ಮೇಲಿಟ್ಟರು. ವೈರುಗಳನ್ನು ಅಡಗಿಸಲೆಂದು ಕಾರ್ಪೆಟ್ಟಿನ ಕೆಳಗೆ ನಾವು ಹತ್ತು ಸೆಂಟಿಮೀಟರ್ ಎತ್ತರದ ಮರದ ಪ್ಲಾಟ್‌ಫಾರ್ಮ್ ಹಾಕಿದ್ದೆವು. ಟೇಪು 4.08 ತೋರಿಸಿತು.

ಎಂಜಿನಿಯರನ್ನು ಹುಡುಕಿ ತರುವಷ್ಟು ಸಮಯವಿರಲಿಲ್ಲ. ಲಾಂಛನದಲ್ಲಿ ಉದಯಿಸುವ ಸೂರ್ಯನಿದ್ದ, ಅವನಿಗೆ ಏಳು ಕಿರಣಗಳು. ಎಲ್ಲಕ್ಕಿಂತ ಮೇಲಿದ್ದುದು ನಡುವಿನ ಒಂದೇ ಕಿರಣ. ಮೇಸ್ತ್ರಿ ಅದನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಎಂಟು ಸೆಂಟಿಮೀಟರ್ ಕೆಳಗೆ ಗೆರೆ ಎಳೆದರು. ಉದ್ಘಾಟನೆಯ ಬೆಳಿಗ್ಗೆ ಗ್ರಾಹಕರ ಸಂಸ್ಥೆಯ ಮುಖ್ಯಸ್ಥರು ತಲೆಯೆತ್ತಿ ಬಹಳ ಹೊತ್ತು ನೋಡಿ, 'ನಡುವಿನ ಕಿರಣ ಯಾಕೆ ಮೊಂಡಾಗಿದೆ?' ಎಂದು ಕೇಳಿದರು. ಬೆಳಕಿನ ಕೋನದಿಂದ ಹಾಗೆ ಕಾಣುತ್ತದೆ ಎಂದೆ. ಅವರು ನಾಲ್ಕು ದಿನವೂ ಬೇರೆ ಬೇರೆ ಕೋನಗಳಲ್ಲಿ ನಿಂತು ನೋಡುತ್ತಿದ್ದರು.

ಬೆಂಕಿಯ ವಿಷಯದಲ್ಲಿ ನನಗೆ ಒಂದಿಷ್ಟು ಹೆಮ್ಮೆಯಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಸರ್ಟಿಫಿಕೇಟುಗಳ ಸಂಕೇತ ಭಾಷೆಯನ್ನು ನಾನು ಕಷ್ಟಪಟ್ಟು ಕಲಿತವನು. ಇಎನ್ 13501-1 ಎಂಬ ಯುರೋಪಿನ ಮಾನದಂಡದಲ್ಲಿ ಹಲಗೆಯೊಂದಕ್ಕೆ 'ಬಿ-ಎಸ್1, ಡಿ0' ಎಂದಿದ್ದರೆ, ಬಿ ಎಂಬುದು ಬೆಂಕಿಗೆ ಅದು ಪ್ರತಿಕ್ರಿಯಿಸುವ ದರ್ಜೆ, ಎಸ್1 ಎಂದರೆ ಹೊಗೆ ಅತ್ಯಲ್ಪ, ಡಿ0 ಎಂದರೆ ಉರಿಯುವ ಹನಿಗಳು ತೊಟ್ಟಿಕ್ಕುವುದಿಲ್ಲ. ಬಟ್ಟೆಗಳಿಗಾದರೆ ಎನ್‌ಎಫ್‌ಪಿಎ 701 ಎಂಬ ಅಮೆರಿಕದ ಪರೀಕ್ಷೆ ಪ್ರಸಿದ್ಧ. ನಮ್ಮ ಹಿಂಬದಿಯ ನೀಲಿ ಪರದೆಗೆ ಆ ಪರೀಕ್ಷೆಯ ಸರ್ಟಿಫಿಕೇಟು ಇತ್ತು, ಮೊಹರು ಇತ್ತು, ದಿನಾಂಕವೂ ಸರಿಯಿತ್ತು. ಅಧಿಕಾರಿ ಸರ್ಟಿಫಿಕೇಟನ್ನು ಮೆಚ್ಚುಗೆಯಿಂದ ಓದಿ, ಮಡಚಿ ನನ್ನ ಕೈಗಿಟ್ಟು, ಪರದೆಯ ಕೆಳ ಅಂಚಿನಿಂದ ಬೆರಳುದ್ದದ ಚೂರೊಂದನ್ನು ಕತ್ತರಿಸಿಕೊಂಡು ಹೊರಗಿನ ಅಂಗಳಕ್ಕೆ ನಡೆದರು. ಅಲ್ಲಿ ಇಕ್ಕಳದಲ್ಲಿ ಹಿಡಿದು ಲೈಟರ್ ತಾಗಿಸಿದಾಗ ಆ ಚೂರು ಎಣ್ಣೆಯಲ್ಲಿ ನೆನೆದ ಬತ್ತಿಯ ಹಾಗೆ ಉರಿಯಿತು.

ವಿಚಾರಣೆ ನಡೆಸಿದಾಗ ಅಪರಾಧಿ ನಾನೇ ಎಂದು ತಿಳಿಯಿತು. ಹಿಂದಿನ ಮೇಳದಲ್ಲಿ ಪರದೆಗೆ ಕಲೆ ಹತ್ತಿತ್ತು. ಅದನ್ನು ಚೆನ್ನಾಗಿ ಒಗೆಸಿ ಇಡಿ ಎಂದು ಗೋದಾಮಿನವರಿಗೆ ಹೇಳಿದ್ದವನು ನಾನು. ಕೆಲವು ಬಟ್ಟೆಗಳಲ್ಲಿ ಬೆಂಕಿ ತಡೆಯುವ ಗುಣ ನೂಲಿನಲ್ಲಿಯೇ ಇರುತ್ತದೆ. ಇನ್ನು ಕೆಲವಕ್ಕೆ ಮೇಲಿನಿಂದ ದ್ರಾವಣ ಲೇಪಿಸಿರುತ್ತಾರೆ, ಅದು ನೀರಿಗೆ ಬಿಟ್ಟುಹೋಗುತ್ತದೆ. ನಮ್ಮದು ಎರಡನೆಯ ಜಾತಿಯದು. ಕಲೆಯ ಜೊತೆಗೆ ಸರ್ಟಿಫಿಕೇಟಿನ ಅರ್ಥವೂ ಬಕೆಟ್ಟಿನಲ್ಲಿ ಹರಿದುಹೋಗಿತ್ತು. ಆ ರಾತ್ರಿ ಪರದೆಯನ್ನು ಇಳಿಸಿ, ದ್ರಾವಣ ಸಿಂಪಡಿಸಿ, ಎರಡು ಫ್ಯಾನುಗಳ ಮುಂದೆ ಒಣಗಿಸಿ, ಮತ್ತೊಂದು ಚೂರನ್ನು ಸುಟ್ಟು ತೋರಿಸುವಷ್ಟರಲ್ಲಿ ಬೆಳಗಿನ ಮೂರು ಗಂಟೆಯಾಗಿತ್ತು. ಆ ಚೂರು ಕಪ್ಪಾಗಿ ಆರಿಹೋಯಿತು. ಏನಾದರೂ ಉರಿಯದೆ ಹೋದದ್ದಕ್ಕೆ ನಾನು ಅಷ್ಟೊಂದು ಸಂತೋಷಪಟ್ಟದ್ದು ಅದೇ ಮೊದಲು.

ವಿಮೆಯ ಎಡವಟ್ಟು ಸಣ್ಣದು. ಪಾಲಿಸಿ ಮೇಳ ನಡೆಯುವ ನಾಲ್ಕು ದಿನಗಳಿಗೆ ಮಾತ್ರ ಇತ್ತು. ಕೆಲಸಗಾರರು ಸುತ್ತಿಗೆ ಹಿಡಿದಿರುವ ದಿನಗಳನ್ನೆಲ್ಲ ಬಿಟ್ಟು, ಸಂದರ್ಶಕರು ಕರಪತ್ರ ಹಿಡಿದಿರುವ ದಿನಗಳನ್ನು ಆರಿಸಿದ್ದೆ. ಒಂದು ಫೋನಿನಲ್ಲಿ ಸರಿಹೋಯಿತು. ವಿದ್ಯುತ್ತಿನವರು ಮಾತ್ರ ಯಾರ ತಂಟೆಗೂ ಹೋಗದೆ, 30 ಮಿಲಿಆಂಪಿಯರ್ ಸೋರಿದರೆ ತಾನಾಗಿ ಕಡಿದುಕೊಳ್ಳುವ ಬ್ರೇಕರ್ ಹಾಕಿ, ಪರೀಕ್ಷೆಯ ಗುಂಡಿ ಒತ್ತಿ ತೋರಿಸಿ, ಸಹಿ ಪಡೆದು ಹೊರಟುಹೋದರು. ಅಂಥವರ ಬಗ್ಗೆ ಲಘು ಬರಹ ಬರೆಯಲಾಗುವುದಿಲ್ಲ.

ಸಮರ್ಥ ವ್ಯಕ್ತಿಯ ಪ್ರಶ್ನೆ ಎದ್ದದ್ದು ಕಟ್ಟುವ ಎರಡನೆಯ ದಿನ. ಅಧಿಕಾರಿ ನಮ್ಮ ಚಕ್ರದ ಅಟ್ಟಣಿಗೆಯ ಮುಂದೆ ನಿಂತು, 'ಇದನ್ನು ಜೋಡಿಸಿದ ಮೇಲೆ ಪರೀಕ್ಷಿಸಿದ ಸಮರ್ಥ ವ್ಯಕ್ತಿ ಯಾರು?' ಎಂದು ಕೇಳಿದರು. ಮೇಸ್ತ್ರಿ ಮುಂದೆ ಬಂದರು. ಅಧಿಕಾರಿ ಪ್ರತಿಯನ್ನು ತಿರುವಿ ಹಾಕಿ ನನ್ನ ಹೆಸರನ್ನು ಗಟ್ಟಿಯಾಗಿ ಓದಿದರು. ಕೆಲಸ ಮಾಡುತ್ತಿದ್ದ ಹನ್ನೊಂದು ಜನರೂ ಕೈಯಲ್ಲಿದ್ದುದನ್ನು ಕೆಳಗಿಟ್ಟು ನನ್ನನ್ನು ಹುಡುಕಿದರು. ಸಿಗುವುದು ಕಷ್ಟವಾಗಲಿಲ್ಲ. 'ಎತ್ತರದಲ್ಲಿ ಕೆಲಸ ನಡೆದಿದೆ, ಎಚ್ಚರಿಕೆ' ಎಂಬ ಫಲಕವನ್ನು ಗೋಡೆಗೆ ಅಂಟಿಸಲೆಂದು ನಾನು ಚಕ್ರವಿರುವ ಆಫೀಸು ಕುರ್ಚಿಯೊಂದರ ಮೇಲೆ ನಿಂತಿದ್ದೆ.

'ಹದಿನಾಲ್ಕನೇ ಪುಟ,' ಎಂದರು ಅಧಿಕಾರಿ. 'ಕುರ್ಚಿ, ಡಬ್ಬ, ಪೆಟ್ಟಿಗೆಗಳ ಮೇಲೆ ಹತ್ತಿ ಕೆಲಸ ಮಾಡತಕ್ಕದ್ದಲ್ಲ. ಒಳ್ಳೆಯ ವಾಕ್ಯ. ನೀವೇ ಬರೆದದ್ದೇ?'

ಇಳಿದೆ. ಅಟ್ಟಣಿಗೆಯ ಚಕ್ರಗಳಿಗೆ ಬ್ರೇಕ್ ಹಾಕಿದೆಯೇ, ಮೇಲೆ ಜನರಿರುವಾಗ ಅದನ್ನು ದೂಡಬಹುದೇ, ಒರಗಿಸುವ ಏಣಿಯನ್ನು ಎಷ್ಟು ಓರೆಯಾಗಿ ಇಡಬೇಕು ಎಂದು ಅವರು ಒಂದೊಂದಾಗಿ ಕೇಳಿದರು. ನಾಲ್ಕು ಪಾಲು ಎತ್ತರಕ್ಕೆ ಒಂದು ಪಾಲು ಬುಡ ಹೊರಗೆ ಎಂಬುದು ನನಗೆ ಬಾಯಿಪಾಠವಿತ್ತು, ಒಪ್ಪಿಸಿದೆ. 'ಹಾಗಾದರೆ ಇಟ್ಟು ತೋರಿಸಿ' ಎಂದಾಗ ನಾನು ಏಣಿಯ ಮೇಲ್ತುದಿಯನ್ನು ಕೆಳಗೆ ಮಾಡಿ ಇಟ್ಟೆ. ಮೇಸ್ತ್ರಿ ಗಂಟಲು ಸರಿಪಡಿಸಿಕೊಂಡರು. ಆಮೇಲೆ ನನ್ನ ಹೆಸರನ್ನು ಹೊಡೆದುಹಾಕಿ ಅವರ ಹೆಸರನ್ನು ಬರೆಯಲಾಯಿತು, ಅದು ನಾಲ್ಕು ಪದಗಳ ಉದ್ದನೆಯ, ಬಹಳ ಚೆಂದದ ಹೆಸರು. ಅವರಿಗೆ ಫೈಲಿನ ಒಂದು ಪ್ರತಿ ಕೊಟ್ಟೆ. ಸಂಜೆ ನೋಡಿದರೆ ಅದು ಮರ ಕೊಯ್ಯುವ ಮೇಜಿನ ಕುಂಟು ಕಾಲಿನ ಕೆಳಗಿತ್ತು.

ಕೊನೆಯ ರಾತ್ರಿ ಬಿಚ್ಚುವ ಕೆಲಸ. ಮೂವತ್ತೊಂದು ಪುಟಗಳಲ್ಲಿ ಅದಕ್ಕೆ ನಾನು ಕೊಟ್ಟಿದ್ದು ಒಂದೇ ವಾಕ್ಯ: 'ಕಟ್ಟಿದ ಕ್ರಮವನ್ನೇ ತಿರುಗುಮುರುಗಾಗಿ ಅನುಸರಿಸಲಾಗುವುದು.' ಕಟ್ಟುವಾಗ ಕಡೆಯದಾಗಿ ಬಂದ ವಿದ್ಯುತ್ ಮೊದಲು ಹೋಯಿತು, ಪರದೆ ಇಳಿಯಿತು, ಮೊಂಡು ಸೂರ್ಯ ಅಸ್ತಮಿಸಿದ, ಗೋಡೆಗಳು ಮಲಗಿದವು, ಪ್ಲಾಟ್‌ಫಾರ್ಮ್ ಲಾರಿ ಹತ್ತಿತು. ಕಟ್ಟುವಾಗ ಎಲ್ಲಕ್ಕಿಂತ ಮೊದಲು ಮಾಡಿದ ಕೆಲಸವೆಂದರೆ ಮಳಿಗೆಯ ಎಲ್ಲೆಯನ್ನು ನೆಲದ ಮೇಲೆ ಅಂಟುಪಟ್ಟಿಯಿಂದ ಗುರುತಿಸಿದ್ದು. ಅದನ್ನು ಮಾಡಿದವನು ನಾನು, ಏಕೆಂದರೆ ಅಷ್ಟು ಮಾತ್ರ ನನಗೆ ಬರುತ್ತಿತ್ತು. ಹೀಗಾಗಿ ಬೆಳಗಿನ ಜಾವ ಎರಡು ಗಂಟೆಗೆ ಖಾಲಿ ಹಾಲ್‌ನಲ್ಲಿ ನಾನೊಬ್ಬನೇ ನೆಲಕ್ಕೆ ಮೊಣಕಾಲೂರಿ, ಉಗುರಿನಿಂದ ಅಂಟುಪಟ್ಟಿ ಕೆರೆಯುತ್ತಿದ್ದೆ.

ಹೆಜ್ಜೆ ಸಪ್ಪಳವಾಗಿ ತಲೆಯೆತ್ತಿದರೆ ಮೇಸ್ತ್ರಿ. ಒಂದು ಕೈಯಲ್ಲಿ ಧೂಳು ಹಿಡಿದ ಮೊಣಕಾಲು ಕವಚಗಳ ಜೋಡಿ, ಇನ್ನೊಂದು ಕೈಯಲ್ಲಿ ಮೇಜಿನ ಕಾಲಿನ ಚೌಕ ಗುರುತು ಬಿದ್ದಿದ್ದ ಫೈಲು.

'ಇಪ್ಪತ್ತೇಳನೇ ಪುಟ, ಸಾರ್,' ಎಂದರು. 'ಇದಿಲ್ಲದೆ ಮೊಣಕಾಲೂರಿ ಕೆಲಸ ಮಾಡೋಹಾಗಿಲ್ಲ. ಏಳಿ ಮೇಲೆ.'